ಹಾಸಿಗೆಯಕ್ಕ ಕೇಳಿದ ಒಂದು ಮಧ್ಯಾಹ್ನದ ನಿದ್ದೆ

"ಕೇಳು ಮಗಾ, ಏನು ಬೇಕಾದ್ರೂ ಕೇಳು. ಕೈ ನಿಲ್ಲಿಸಿ ಅಂತ ಮಾತ್ರ ಹೇಳಬೇಡ. ಕೈ ನಿಂತ್ರೆ ನನ್ನ ಬಾಯೂ ನಿಂತುಬಿಡುತ್ತೆ."

"ಸುಳ್ಳು! ನಿಮ್ಮ ಬಾಯಿ ಯಾವತ್ತು ನಿಂತಿದೆ ಅತ್ತಿಗೆ?"

ಎರಡನೆಯ ದನಿ ಹಾಸಿಗೆಯ ಹೊಟ್ಟೆಯೊಳಗಿನಿಂದ ಬಂದ ಹಾಗಿತ್ತು. ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದ ದೊಡ್ಡ ಹಾಸಿಗೆ ಅದು. ಅದರ ಈ ಕಡೆ ಸ್ಟೂಲಿನ ಮೇಲೆ ಹಾಸಿಗೆಯಕ್ಕ, ಆ ಕಡೆ ಅವರ ನಾದಿನಿ. ಅಕ್ಕ ಉದ್ದನೆಯ ದಬ್ಬಣವನ್ನು ಈ ಕಡೆಯಿಂದ ಚುಚ್ಚುತ್ತಾರೆ, ನಾದಿನಿ ಅದನ್ನು ಆ ಕಡೆಯಿಂದ ಹಿಡಿದೆಳೆದು, ಹುರಿ ಬಿಗಿದು, ಒಂದಿಷ್ಟು ಪಕ್ಕಕ್ಕೆ ಮತ್ತೆ ಈ ಕಡೆಗೆ ತೂರುತ್ತಾರೆ. ಒಳಗಿನ ಹತ್ತಿ ಒಂದೇ ಕಡೆ ಗುಡ್ಡೆಯಾಗದಿರಲಿ ಎಂದು ಹಾಕುವ ಟಾಕುಗಳು. ಅಕ್ಕ ಮದುವೆಯಾಗಿ ಈ ಮನೆಗೆ ಬಂದ ವಾರದಿಂದ ಇಬ್ಬರೂ ಹೀಗೆಯೇ ಹಾಸಿಗೆಯ ಎರಡು ಕಡೆ ಕುಳಿತು, ಮುಖ ನೋಡದೆ ದಿನವಿಡೀ ಹರಟುತ್ತಾರೆ. ಜಗಳವೂ ಹಾಗೆಯೇ. "ಮುಖ ಕಾಣಲ್ವಲ್ಲ, ಅದಕ್ಕೇ ಇಷ್ಟು ವರ್ಷ ಹೊಂದಿಕೊಂಡು ಹೋಗಿದೀವಿ" ಎಂದು ನಾದಿನಿ ಆಮೇಲೆ ನನಗೆ ಹೇಳಿದರು.

ನಾನು ಬಾಗಿಲ ಬಳಿ ಹಿಂಜಿದ ಹತ್ತಿಯ ಮೂಟೆಯ ಮೇಲೆ ಕುಳಿತಿದ್ದೆ. ಕುಳಿತಿದ್ದೆನೋ ಮುಳುಗಿದ್ದೆನೋ! ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ನೆಲದ ಮೇಲೆ ಒರಗಿತ್ತು, ಆ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಒಂದು ಎಳೆ ನನ್ನ ಮೂಗಿನ ತುದಿಗೆ ಬಂದು, ಯೋಚಿಸಿ, ವಾಪಸು ಹೋಯಿತು. ನನಗೆ ಕಾಲೇಜು, ಬಸ್ಸು, ಮರುದಿನದ ಅಸೈನ್‌ಮೆಂಟು ಎಲ್ಲ ಬೇರೆ ಯಾರದೋ ಬದುಕು ಎನ್ನಿಸತೊಡಗಿತ್ತು.

ನಾನು ಬಂದದ್ದು ಸರ್ವೆಗೆ. ನಾನು ಸ್ವಯಂಸೇವಕಿಯಾಗಿರುವ ಸಂಸ್ಥೆ ದೊಡ್ಡಾಸ್ಪತ್ರೆಯ ಪಕ್ಕದಲ್ಲಿ ಒಂದು ಕೋಣೆ ಕಟ್ಟಿಸಲು ದೇಣಿಗೆಯ ಅಭಿಯಾನ ನಡೆಸಿತ್ತು. ಕೋಣೆ ರೋಗಿಗಳ ಜೊತೆ ಬಂದವರಿಗೆ. ಕಾರಿಡಾರಿನ ಕುರ್ಚಿಗಳಲ್ಲಿ, ಮೆಟ್ಟಿಲುಗಳ ಮೇಲೆ, ಚಪ್ಪಲಿಯನ್ನೇ ದಿಂಬು ಮಾಡಿಕೊಂಡು ದಿನಗಟ್ಟಲೆ ಕಾಯುತ್ತಾರಲ್ಲ, ಅವರು ಸ್ವಲ್ಪ ಹೊತ್ತು ಬೆನ್ನು ಚಾಚಲಿ ಅಂತ. ಜನ ಕೊಟ್ಟರು, ಕೋಣೆ ಎದ್ದಿತು, ಇನ್ನು ಬಾಗಿಲು ತೆರೆಯುವುದೊಂದೇ ಬಾಕಿ. ಅಷ್ಟರಲ್ಲಿ ಕೊಟ್ಟವರನ್ನು ಭೇಟಿಯಾಗಿ, ಯಾಕೆ ಕೊಟ್ಟಿರಿ, ಹೇಗನ್ನಿಸಿತು, ಮತ್ತೆ ಕೊಡುತ್ತೀರಾ ಎಂದು ಕೇಳಿಕೊಂಡು ಬರುವ ಕೆಲಸ ನಮ್ಮ ಕಾಲೇಜಿನ ಕೆಲವರ ಪಾಲಿಗೆ ಬಂತು.

ಸರ್ವೆಯ ಉಸ್ತುವಾರಿ ನೋಡುವವರನ್ನು ನಾವು ಬೆನ್ನ ಹಿಂದೆ ಶೇಕಡಾ ಮೇಡಂ ಎನ್ನುತ್ತೇವೆ. ಮಳೆ ಬರುತ್ತಾ ಎಂದು ಕೇಳಿದರೂ ಅವರು ಶೇಕಡಾವಾರಿನಲ್ಲಿ ಉತ್ತರ ಕೊಡುತ್ತಾರೆ. ಒಳ್ಳೆಯವರು, ಆದರೆ ನಿಯಮ ಅಂದರೆ ನಿಯಮ. ಪ್ರಶ್ನೆಯನ್ನು ಬರೆದಂತೆಯೇ ಓದಬೇಕು. ವಿವರಿಸಬಾರದು. ತಲೆಯಾಡಿಸಬಾರದು. ಮುಖ್ಯವಾಗಿ, ಉತ್ತರ ಕೇಳಿ "ಹೌದಾ!" ಅನ್ನಬಾರದು. ನನ್ನಂಥವಳಿಗೆ ಇದು ಉಸಿರು ಬಿಗಿಹಿಡಿದು ಬೀದಿ ದಾಟಿದ ಹಾಗೆ.

ಹಾಸಿಗೆಯಕ್ಕನ ಅಂಗಡಿಗೆ ಬರುವ ಹೊತ್ತಿಗೆ ನಾನು ಬೇಕಾದಷ್ಟು ಜನರನ್ನು ಮಾತಾಡಿಸಿದ್ದೆ. ಎಲ್ಲರೂ ಎಡವುತ್ತಿದ್ದದ್ದು ಒಂದೇ ಪ್ರಶ್ನೆಯಲ್ಲಿ: ದೇಣಿಗೆಗೆ ಪ್ರತಿಯಾಗಿ ಸಂಸ್ಥೆಯಿಂದ ನೀವು ಏನನ್ನು ಬಯಸುತ್ತೀರಿ? ಪ್ರಮಾಣಪತ್ರ, ಫಲಕದಲ್ಲಿ ಹೆಸರು, ವರದಿ, ಏನೂ ಬೇಡ, ಇತರೆ. ಚಪ್ಪಲಿ ಅಂಗಡಿಯ ಮಾಲೀಕರು "ಅಯ್ಯೋ, ನನಗೇನೂ ಬೇಡಮ್ಮ" ಎಂದು ಎರಡೂ ಕೈ ಆಡಿಸಿ, ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಂದು, ಫಲಕದ ಅಕ್ಷರ ಎಷ್ಟು ದಪ್ಪ ಇರುತ್ತೆ ಎಂದು ಪಿಸುಗುಟ್ಟಿದ್ದರು. ಹಲ್ಲಿನ ಡಾಕ್ಟರಿಗೆ ತಾವು ಕೊಟ್ಟದ್ದೇ ಮರೆತುಹೋಗಿ, "ನಾನಾ? ಕೊಟ್ಟಿದೀನಾ? ಭಲೇ!" ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು.

ಹಾಸಿಗೆಯಕ್ಕನಿಗೂ ಅದೇ ಪ್ರಶ್ನೆಯನ್ನು ಬರೆದಂತೆಯೇ ಓದಿದೆ. ದಬ್ಬಣ ಅರ್ಧ ಹಾಸಿಗೆಯೊಳಗೆ ನಿಂತಿತು.

"ಏನು ಬೇಕಾದ್ರೂ ಕೇಳಬಹುದಾ?"

"ಇತರೆ ಅಂತ ಇದೆ ಅಕ್ಕ. ಅದರಲ್ಲಿ ಏನು ಬೇಕಾದ್ರೂ ಹೇಳಬಹುದು."

"ಹಾಗಾದ್ರೆ ಬರ್ಕೋ. ಆ ಕೋಣೆಯಲ್ಲಿ ನನಗೆ ಒಂದು ಮಧ್ಯಾಹ್ನದ ನಿದ್ದೆ ಬೇಕು."

"ಹೌದಾ!" ಎಂದುಬಿಟ್ಟೆ. ನಿಯಮ ಮುರಿದು ಬಿತ್ತು.

"ಅತ್ತಿಗೆ, ಊರಿಗೆಲ್ಲ ಹಾಸಿಗೆ ಹೊಲಿದು, ನಿದ್ದೆಗೆ ಇನ್ನೊಬ್ಬರ ಮನೆ ಬಾಗಿಲು ತಟ್ತಿದೀರಲ್ಲ, ನಾಚಿಕೆಯಾಗಲ್ವಾ?" ಎಂದಿತು ಹಾಸಿಗೆ.

"ನೀನು ಸುಮ್ನಿರೆ ಪುಟ್ಟಿ!"

ಪುಟ್ಟಿಗೆ ಆಗಲೇ ಮೊಮ್ಮಕ್ಕಳಾಗುವ ವಯಸ್ಸು. ಆಕೆ ಎದ್ದು ಹಾಸಿಗೆಯ ಅಂಚಿನಿಂದ ಮುಖ ಹೊರಗಿಟ್ಟು ನನ್ನನ್ನು ಮೊದಲ ಸಲ ನೋಡಿದರು. ರೆಪ್ಪೆಯ ಮೇಲೆಲ್ಲ ಹತ್ತಿ. ಆಮೇಲೆ ತಮ್ಮ ಎಡಗೈ ಎತ್ತಿ ತೋರಿಸಿದರು. ಅಂಗೈಯಲ್ಲಿ ಒಂದು ಗಾಯದ ಚುಕ್ಕೆ, ಇನ್ನೂ ಕೆಂಪಗಿತ್ತು. "ನೋಡಮ್ಮ. ಇದು ಇವರು ಮಾಡಿದ್ದು. ಇಷ್ಟು ವರ್ಷದಲ್ಲಿ ಒಂದ್ಸಲವೂ ನನಗೆ ಚುಚ್ಚಿದವರಲ್ಲ. ಈಗ ಕೈ ನಡುಗುತ್ತೆ. ಡಾಕ್ಟರು ನೋಡಿ, ನರ ಸರಿಯಿದೆ, ಕಣ್ಣು ಸರಿಯಿದೆ, ನಿದ್ದೆ ಮಾಡಿ ಅಂದ್ರು. ನಿದ್ದೆ ಬರದಿದ್ರೆ ದಬ್ಬಣ ಬಿಡಿ ಅಂದ್ರು."

ಹಾಸಿಗೆಯಕ್ಕ ಅರ್ಧಕ್ಕೆ ನಿಂತಿದ್ದ ದಬ್ಬಣವನ್ನು ನಿಧಾನವಾಗಿ, ತುಂಬ ನಿಧಾನವಾಗಿ ಆ ಕಡೆಗೆ ತಳ್ಳಿದರು. ಆಗ ನಾನೂ ನೋಡಿದೆ. ಕಿರುಬೆರಳು ಗಾಳಿಗೆ ಸಿಕ್ಕ ದಾರದಂತೆ ಅಲ್ಲಾಡುತ್ತಿತ್ತು.

ಆಮೇಲೆ ಸರ್ವೆ ಎಲ್ಲಿ ಹೋಯಿತೋ! ಚಹಾ ಬಂತು, ಅವರ ಕತೆ ಬಂತು. ಅಕ್ಕನ ತಂದೆಯೂ ಹಾಸಿಗೆಯವರೇ. ಮಗುವಾಗಿದ್ದಾಗ ಇವರಿಗೆ ತೊಟ್ಟಿಲೇ ಇರಲಿಲ್ಲವಂತೆ, ಹತ್ತಿಯ ರಾಶಿಯಲ್ಲಿ ಒಂದು ಗುಂಡಿ ಮಾಡಿ ಮಲಗಿಸುತ್ತಿದ್ದರಂತೆ. ಒಂದು ದಿನ ಯಾರೋ ನೋಡದೆ ಆ ರಾಶಿಯನ್ನು ಗವಸಿಗೆ ತುಂಬಲು ಹೊರಟು, ಅರ್ಧ ತುಂಬಿದ ಮೇಲೆ ಒಳಗಿನಿಂದ ಮಗು ಆಕಳಿಸಿದ ಸದ್ದು ಕೇಳಿ ಎಲ್ಲರೂ ಬೆಚ್ಚಿಬಿದ್ದರಂತೆ. "ಅಳಲೂ ಇಲ್ಲ ನಾನು. ಅಷ್ಟು ನಿದ್ದೆ ಇತ್ತು ಆಗ" ಎಂದರು ಅಕ್ಕ, ಕಳೆದುಹೋದ ಒಡವೆಯ ಮಾತಾಡುವ ಹಾಗೆ.

ಮದುವೆಯಾದ ಮೇಲೆ ಮಾವನವರು ಹಾಸಿಗೆ ಹಿಡಿದರು, ಅಂಗಡಿ ಇವರ ಕೈಗೆ ಬಂತು. ಗಂಡ, ಅಂದರೆ ಯಜಮಾನರು, ಕೈಗಾಡಿಯಲ್ಲಿ ಹಾಸಿಗೆಗಳನ್ನು ಮನೆಮನೆಗೆ ಮುಟ್ಟಿಸುವವರು. ಮುಟ್ಟಿಸುವುದು ಯಾವಾಗಲೂ ತಡ. ದಾರಿಯಲ್ಲಿ ನೆರಳು ಕಂಡರೆ ಗಾಡಿ ನಿಲ್ಲಿಸಿ, ಗಿರಾಕಿಯ ಹೊಸ ಹಾಸಿಗೆಯ ಮೇಲೆ ತಾವೇ ಮೊದಲು ಮಲಗಿಬಿಡುತ್ತಿದ್ದರು. "ಅವರಿಗೆ ಹಾಸಿಗೆ ಯಾಕೆ, ಒರಗೋಕೆ ಒಂದು ಕಂಬ ಸಿಕ್ರೆ ಸಾಕು" ಎಂದರು ನಾದಿನಿ. ಮನೆಯ ನಿದ್ದೆಯನ್ನೆಲ್ಲ ಅವರೊಬ್ಬರೇ ಗುತ್ತಿಗೆ ಹಿಡಿದಿದ್ದರಿಂದ ಅಕ್ಕನಿಗೆ ಉಳಿದದ್ದು ಎಚ್ಚರ. ಹಾಲಿನವನ ಸೈಕಲ್ಲಿಗೆ ಎಚ್ಚರ, ಅತ್ತೆಯ ಕೆಮ್ಮಿಗೆ ಎಚ್ಚರ, ಮಳೆಗೆ ಎಚ್ಚರ, ಯಾಕೆಂದರೆ ಮಳೆ ಬಂದರೆ ಹತ್ತಿ ಒಳಗಿಡಬೇಕು. ಮಲಗಿದರೆ ಇನ್ನೊಂದು ಕಾಟ: ಕೈ ತಾನಾಗಿ ಹಾಸಿಗೆಯ ಹೊಲಿಗೆ ಸವರತೊಡಗುತ್ತದೆ. ಇಲ್ಲಿ ಟಾಕು ಸಡಿಲ, ಇಲ್ಲಿ ಹತ್ತಿ ಗಂಟು. ಬೆಳಕಾಗುವವರೆಗೆ ಮನಸ್ಸಿನಲ್ಲೇ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು.

ಹಳೆಯ ಹಾಸಿಗೆಗಳು ಮರುಹಿಂಜಲು ಬರುತ್ತವೆ. ಅವನ್ನು ಬಿಚ್ಚುವ ಮೊದಲು ಅಕ್ಕ ನೆಲಕ್ಕೆ ಹಾಸಿ ಒಂದು ಸಲ ಸುಮ್ಮನೆ ನೋಡುತ್ತಾರೆ. ನನಗೂ ಒಂದನ್ನು ತೋರಿಸಿದರು. ಎರಡು ತಗ್ಗುಗಳು, ನಡುವೆ ಸಣ್ಣ ದಿಬ್ಬ. "ಗಂಡ ಹೆಂಡತಿ. ಮುನಿಸು ಜಾಸ್ತಿ" ಎಂದರು. ಇನ್ನೊಂದರಲ್ಲಿ ದೊಡ್ಡ ತಗ್ಗಿನ ಪಕ್ಕ ಅಂಗೈಯಷ್ಟು ಪುಟ್ಟ ತಗ್ಗು. "ಮಗುನಾ?" ಎಂದೆ. "ಬೆಕ್ಕು" ಎಂದರು. ಹಿಂಜುವ ಯಂತ್ರಕ್ಕೆ ಹಾಕಿದರೆ ಆ ತಗ್ಗುಗಳೆಲ್ಲ ಮೋಡವಾಗಿ ಎದ್ದು ಕೋಣೆ ತುಂಬುತ್ತವೆ. ಊರವರ ಹಳೆಯ ಕನಸುಗಳೆಲ್ಲ ತಮ್ಮ ಮೂಗಿಗೇ ಹೋಗುವುದು ಎಂದು ನಾದಿನಿಯ ದೂರು. ಒಮ್ಮೆ ಅವರಿಗೆ ತಾವು ಹಡಗಿನ ಕಪ್ತಾನರೆಂದು ಕನಸು ಬಿದ್ದಿತ್ತಂತೆ. ಮರುದಿನ ನೋಡಿದರೆ, ಹಿಂದಿನ ದಿನ ಹಿಂಜಿದ್ದು ಗಣಿತದ ಮೇಷ್ಟರ ಹಾಸಿಗೆ. "ಎಂಥ ಮನುಷ್ಯರು, ಏನು ಕನಸು!"

ಈ ನಡುವೆ ಯಜಮಾನರಿಗೆ ಹೊಟ್ಟೆಯ ಆಪರೇಷನ್ ಆಯಿತು. ಅಕ್ಕ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದರು. ಮಧ್ಯಾಹ್ನ ಆ ಕುರ್ಚಿಯಲ್ಲೇ ನಿದ್ದೆ ಹೋದರು. ಅಂಥಿಂಥ ನಿದ್ದೆಯಲ್ಲ, ಹತ್ತಿಯ ರಾಶಿಯೊಳಗಿನ ನಿದ್ದೆ! ಎದ್ದಾಗ ತಾನು ಯಾರು, ಎಲ್ಲಿದ್ದೇನೆ ಎಂದು ಹೊಳೆಯಲು ಹೊತ್ತು ಹಿಡಿಯಿತಂತೆ. ಆಮೇಲೆ ಅಂಥ ನಿದ್ದೆ ಮತ್ತೆ ಬರಲಿಲ್ಲ. ಹಾಗಾಗಿ ಆ ಆಸ್ಪತ್ರೆಯ ಪಕ್ಕದಲ್ಲಿ ಮಲಗಲೆಂದೇ ಒಂದು ಕೋಣೆ ಅಂತ ಕೇಳಿದ ಕೂಡಲೇ ಅಕ್ಕ ಸೊಂಟದ ಚೀಲ ಬಿಚ್ಚಿದ್ದರು.

ಇದನ್ನೆಲ್ಲ ಹೊತ್ತುಕೊಂಡು ನಾನು ಹಾರಿಕೊಂಡು ಆಫೀಸಿಗೆ ಹೋದೆ. ಶೇಕಡಾ ಮೇಡಂ ಕನ್ನಡಕ ಹಣೆಗೇರಿಸಿದರು.

"ಕೋಣೆ ರೋಗಿಗಳ ಜೊತೆಗಾರರಿಗೆ ಮಾತ್ರ. ಇವರ ರೋಗಿ ಎಲ್ಲಿ?"

"ವಾಸಿಯಾಗಿ ಮನೆಯಲ್ಲಿ ಗೊರಕೆ ಹೊಡೀತಿದಾರೆ ಮೇಡಂ."

"ಹಾಗಾದ್ರೆ ಇವರಿಗೆ ಹಾಸಿಗೆ ಕೊಡೋಕಾಗಲ್ಲ. ಒಬ್ಬರಿಗೆ ಕೊಟ್ರೆ ನಾಳೆ ಚಪ್ಪಲಿ ಅಂಗಡಿಯವರು ಬಂದು ಮಲಗ್ತಾರೆ. ಹೋಗಿ ಬೇರೆ ಉತ್ತರ ತಗೊಂಡು ಬಾ."

"ಬರೆದಂತೆಯೇ ಓದಿದೀನಿ ಮೇಡಂ. ಅವರು ಹೇಳಿದಂತೆಯೇ ಬರೆದಿದೀನಿ. ನೀವೇ ಹೇಳಿದ ನಿಯಮ."

ಮೇಡಂ ನನ್ನನ್ನೇ ನೋಡಿದರು. ಸಿಕ್ಕಿಬಿದ್ದವರ ನೋಟ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ, ಹೊರಗೆ ಮುಖ ಸಪ್ಪಗಿಟ್ಟುಕೊಂಡೆ. ಕೊನೆಗೆ ಅವರು ಮೇಜಿನ ಡ್ರಾಯರ್ ಎಳೆದು, ಕೋಣೆಯ ಬೀಗದ ಕೈ ತೆಗೆದು, "ಇನ್ನೂ ಬಾಗಿಲು ತೆರೆದಿಲ್ಲವಲ್ಲ. ತೆರೆಯೋ ಮುಂಚೆ ಮಂಚ ಗಟ್ಟಿ ಇದೆಯಾ ಅಂತ ಯಾರಾದ್ರೂ ಪರೀಕ್ಷೆ ಮಾಡಲೇಬೇಕು" ಎಂದರು, ಗೋಡೆಯ ಕ್ಯಾಲೆಂಡರಿಗೆ ಹೇಳುವ ಹಾಗೆ.

ಮರುದಿನ ಮಧ್ಯಾಹ್ನ ನಾವು ಹೋದೆವು. ಅಕ್ಕ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಯಾರದೋ ಮದುವೆಗೆ ಹೊರಟವರಂತೆ ಬಂದಿದ್ದರು. ಜೊತೆಗೆ ಯಜಮಾನರೂ ಇದ್ದರು, ಯಾಕೆ ಬಂದರೆಂದು ಅವರಿಗೂ ತಿಳಿದಿರಲಿಲ್ಲ. ಮೇಡಂ ಬೀಗ ತೆಗೆದರು. ಹೊಸ ಬಣ್ಣದ ವಾಸನೆ, ತಿಳಿ ನೀಲಿ ಪರದೆಗಳು, ಸಾಲಾಗಿ ಮಂಚಗಳು, ಒಂದು ಗೋಡೆಗೆ ಆನಿಸಿ ಕುರ್ಚಿಗಳು. ಆಸ್ಪತ್ರೆಯ ಸದ್ದೆಲ್ಲ ಬಾಗಿಲಾಚೆಗೇ ನಿಂತುಬಿಟ್ಟಿತ್ತು. ನೀರಿನೊಳಗೆ ಇಳಿದಂಥ ಮೌನ. ಇಲ್ಲಿ ನಿದ್ದೆ ಬರದಿದ್ದರೆ ಇನ್ನೆಲ್ಲಿ ಬರುತ್ತದೆ ಎಂದುಕೊಂಡೆ ನಾನು. ಎಂಥ ದಡ್ಡಿ!

ಅಕ್ಕ ಕಿಟಕಿಯ ಪಕ್ಕದ ಮಂಚ ಆರಿಸಿಕೊಂಡು ಮಲಗಿದರು. ನಾವು ಪರದೆ ಎಳೆದು, ತುದಿಗಾಲಲ್ಲಿ ಹೊರಗೆ ಬಂದು, ಬಾಗಿಲಿಗೆ ಕಿವಿ ಹಚ್ಚಿ ನಿಂತೆವು. ಶೇಕಡಾ ಮೇಡಂ ಕೂಡ! ಒಂದು ಸಲ ಮಂಚ ಕಿರ್ ಎಂದಿತು. ಮತ್ತೊಂದು ಸಲ. ಆಮೇಲೆ ಗೊರಕೆ ಶುರುವಾಯಿತು. ನಾನು ಮೇಡಂ ಕೈ ಹಿಡಿದು ಅದುಮಿದೆ, ಅವರೂ ಅದುಮಿದರು. ಗೊರಕೆ ಬರುತ್ತಿದ್ದದ್ದು ನಮ್ಮ ಬೆನ್ನ ಹಿಂದಿನಿಂದ ಎಂದು ಆಮೇಲೆ ತಿಳಿಯಿತು. ಯಜಮಾನರು ಮೆಟ್ಟಿಲ ಮೇಲೆ, ಕಂಬಕ್ಕೆ ಒರಗಿ, ಬಾಯಿ ತೆರೆದು.

ಒಳಗೆ ಹೋದರೆ ಅಕ್ಕ ಮಂಚದ ಅಂಚಿನಲ್ಲಿ ಎದ್ದು ಕುಳಿತಿದ್ದರು. ಬಾಚಿದ ತಲೆ ಒಂದಿಷ್ಟೂ ಕೆದರಿರಲಿಲ್ಲ.

"ಹಾಸಿಗೆ ಸರಿಯಿಲ್ವಾ?" ಎಂದರು ಮೇಡಂ.

"ಹಾಸಿಗೆ ಚೆನ್ನಾಗಿದೆ ತಾಯಿ. ಕೈಗೆ ಒಂದು ಹೊಲಿಗೆಯೂ ಸಿಗಲಿಲ್ಲ, ಅಷ್ಟು ಚೆನ್ನಾಗಿದೆ." ಅವರ ದನಿ ಸಣ್ಣಗಾಗಿತ್ತು. "ಮೌನ ಜಾಸ್ತಿ. ಇಷ್ಟು ಮೌನದಲ್ಲಿ ನಾನೇ ಎಚ್ಚರ ಇರಬೇಕಾಗುತ್ತೆ, ಬೇರೆ ಯಾರೂ ಇಲ್ವಲ್ಲ."

ನಾನು ಪಕ್ಕದಲ್ಲಿ ಕುಳಿತೆ. ಆ ದಿನ ಕಾರಿಡಾರಿನಲ್ಲಿ ಹೇಗೆ ನಿದ್ದೆ ಬಂತು ಅಕ್ಕ, ಎಂದು ಕೇಳಿದೆ. ಈ ಪ್ರಶ್ನೆ ಸರ್ವೆಯಲ್ಲಿರಲಿಲ್ಲ.

"ಪಕ್ಕದ ಕುರ್ಚಿಯಲ್ಲಿ ಯಾರೋ ಒಬ್ಬಳಿದ್ದಳು. ಯಾರು, ಏನು, ಒಂದೂ ಗೊತ್ತಿಲ್ಲ. ನನ್ನ ಮುಖ ನೋಡಿ, ನೀವು ಕಣ್ಣು ಮುಚ್ಕೊಳ್ಳಿ, ಕರೆದ್ರೆ ನಾನು ಎಬ್ಬಿಸ್ತೀನಿ ಅಂದಳು. ಅಷ್ಟೇ. ಸುತ್ತ ನೋಡಿದೆ, ಕಾರಿಡಾರ್ ತುಂಬ ಜನ. ಎಲ್ಲರೂ ಎಚ್ಚರ. ಅಷ್ಟು ಜನ ಎಚ್ಚರ ಇರುವಾಗ ನಾನೊಬ್ಬಳು ಇಲ್ಲದಿದ್ರೆ ಏನಾಗುತ್ತೆ ಅನ್ನಿಸ್ತು ಮಗಾ. ನನಗೆ ಯಾವತ್ತೂ ಹಾಗನ್ನಿಸಿರಲಿಲ್ಲ."

ಹೊರಗೆ ಯಜಮಾನರು ತಮ್ಮ ಕೆಲಸ ಮುಂದುವರಿಸಿದ್ದರು. ಅಕ್ಕ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. "ಪುಟ್ಟಿಗೆ ಇನ್ನೊಂದ್ಸಲ ಚುಚ್ಚೋ ಮೊದಲು ದಬ್ಬಣ ಬಿಟ್ಟುಬಿಡ್ತೀನಿ. ಅವಳೂ ಮುದುಕಿಯಾದಳು. ಆದ್ರೆ ಕೈಗೆ ಬೇರೆ ಏನು ಕೊಡಲಿ ಅಂತ ಹೊಳೀತಿಲ್ಲ" ಎಂದರು.

ಮೇಡಂ ಪರದೆಯ ಮಡಿಕೆ ಸರಿಮಾಡುತ್ತ ನಿಂತಿದ್ದರು. ಆಮೇಲೆ ಬೀಗ ಹಾಕುವಾಗ ಅಕ್ಕನ ಕಡೆ ತಿರುಗಿ ಹೇಳಿದರು: "ಕೋಣೆ ತೆರೆದ ಮೇಲೆ ದಾನಿಗಳು ನೋಡೋಕೆ ಬರಬಹುದು. ಮಂಚದ ಮೇಲೆ ಮಲಗೋ ಹಾಗಿಲ್ಲ, ಅದು ಬಂದವರಿಗೆ. ಆದ್ರೆ ಕುರ್ಚಿಯಲ್ಲಿ ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು. ಕೂರಬಾರದು ಅಂತ ಎಲ್ಲೂ ಬರೆದಿಲ್ಲ."

ಕೋಣೆ ತೆರೆದ ವಾರದಲ್ಲಿ, ಒಂದು ಮಂಗಳವಾರ, ಅಕ್ಕನೂ ನಾನೂ ಮತ್ತೆ ಹೋದೆವು. ಈ ಸಲ ಅವರು ತಲೆ ಬಾಚಿರಲಿಲ್ಲ, ಬಟ್ಟೆಯ ಮೇಲೆ ಹತ್ತಿ ಹಾಗೇ ಇತ್ತು. "ಸುಮ್ನೆ ನೋಡ್ಕೊಂಡು ಬರೋಣ. ಆಸೆ ಗೀಸೆ ಏನೂ ಇಲ್ಲ" ಎಂದು ದಾರಿಯಲ್ಲಿ ನಾನು ಕೇಳದಿದ್ದರೂ ಮತ್ತೆ ಮತ್ತೆ ಹೇಳಿದರು.

ಅಬ್ಬಾ, ಅದೇ ಕೋಣೆ ಅಂತ ನಂಬಲಿಕ್ಕೇ ಆಗಲಿಲ್ಲ! ಮಂಚದ ಕೆಳಗೆಲ್ಲ ಚೀಲಗಳು, ಊಟದ ಡಬ್ಬಿಗಳು, ಕಿಟಕಿಯ ಸರಳಿಗೆ ಒದ್ದೆ ಟವೆಲ್ಲು. ಒಬ್ಬ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದ. ಇಬ್ಬರು ಅಕ್ಕತಂಗಿಯರು ಒಂದೇ ಮಂಚದಲ್ಲಿ ಒಬ್ಬರಿಗೊಬ್ಬರು ತಲೆಕೆಳಗಾಗಿ, ಒಬ್ಬಳ ಕಾಲು ಇನ್ನೊಬ್ಬಳ ಕೆನ್ನೆಯ ಬಳಿ. ಯಾರೋ ಫೋನಿನಲ್ಲಿ ಪಿಸುಪಿಸು ಎಂದು ಮನೆಯವರಿಗೆ ಗ್ಯಾಸು ಆರಿಸಿದಿರಾ ಎಂದು ಕೇಳುತ್ತಿದ್ದರು. ಪರದೆ ಉಸಿರಾಡುವಂತೆ ಒಳಗೆ ಬಂದು ಹೊರಗೆ ಹೋಗುತ್ತಿತ್ತು. ನಾವು ಗೋಡೆಯ ಬಳಿ ಕುರ್ಚಿಗಳಲ್ಲಿ ಕುಳಿತೆವು.

ಅಕ್ಕನ ಪಕ್ಕದ ಮಂಚದಲ್ಲಿ ಕಿತ್ತಳೆ ಬಣ್ಣದ ಚೀಲ ತಬ್ಬಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು, ನನಗಿಂತ ಸ್ವಲ್ಪ ದೊಡ್ಡವಳಿರಬಹುದು. ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು. ಗಂಡ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದನಂತೆ.

"ನೀವು ಯಾರ ಜೊತೆ ಬಂದಿರೋದು ಅಮ್ಮಾ?" ಎಂದು ಅಕ್ಕನನ್ನು ಕೇಳಿದಳು.

ಅಕ್ಕ ತಬ್ಬಿಬ್ಬಾಗಿ ನನ್ನ ಕಡೆ ನೋಡಿ, "ಇವಳ ಜೊತೆ" ಎಂದರು.

"ಏನಾಗಿದೆ ಪಾಪ ಇವಳಿಗೆ?"

"ಏನೂ ಆಗಿಲ್ಲ. ಪ್ರಶ್ನೆ ಕೇಳೋ ಕಾಯಿಲೆ."

ಆಕೆ ನಕ್ಕಳು. ನಕ್ಕ ಮೇಲೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಬಲವಂತವಾಗಿ ತೆರೆಯುತ್ತಿದ್ದಳು. "ಯಾವ ಗಳಿಗೆಯಲ್ಲಿ ಕರೀತಾರೋ ಗೊತ್ತಿಲ್ಲ. ಎಕ್ಸ್‌ರೇ ಬರಬೇಕು. ಅಮ್ಮಾ, ನೀವು ಎಚ್ಚರ ಇರ್ತೀರಲ್ವಾ? ವಾರ್ಡಿನಲ್ಲಿ ನಮ್ಮವರದು ಹನ್ನೆರಡನೇ ಬೆಡ್ಡು, ಹಾಗಂತ ಕರೆದ್ರೆ ಎಬ್ಬಿಸ್ತೀರಾ?"

"ಎಚ್ಚರ ಇರೋದಾ?" ಅಕ್ಕ ಬೆನ್ನು ನೆಟ್ಟಗೆ ಮಾಡಿದರು. "ಅದರಲ್ಲಿ ನನ್ನ ಮೀರಿಸೋರಿಲ್ಲ. ನೀನು ಮಲಗು ಮಗಳೇ."

ಆಕೆ ಚೀಲದ ಮೇಲೆ ಕೆನ್ನೆಯಿಟ್ಟದ್ದೇ ತಡ, ಮುಳುಗಿಹೋದಳು. ಅಕ್ಕ ಕಾವಲುಗಾರರಂತೆ ಕುಳಿತರು. ಬಾಗಿಲ ಕಡೆ ನೋಟ, ಮಡಿಲಲ್ಲಿ ಕೈ. ನಾನು ಅವರನ್ನೇ ನೋಡುತ್ತಿದ್ದೆ. ಫೋನಿನವರ ಪಿಸುಮಾತು ಮುಗಿಯಿತು. ಮುದುಕ ಮಗ್ಗುಲು ಬದಲಿಸಿದ. ಪರದೆ ಬಂತು, ಹೋಯಿತು. ಬಿಸಿಲು ಒಂದು ಮಂಚದಿಂದ ಇಳಿದು ಇನ್ನೊಂದಕ್ಕೆ ಹತ್ತಿತು. ಯಾರದೋ ಉಸಿರು ಉದ್ದವಾಯಿತು, ಅದಕ್ಕೆ ಇನ್ನೊಬ್ಬರದು ಸೇರಿತು, ಕೋಣೆಯೇ ಒಂದು ದೋಣಿಯಾಗಿ ದಡ ಬಿಟ್ಟು ಮೆಲ್ಲಗೆ ಎಲ್ಲಿಗೋ ಹೊರಟ ಹಾಗನ್ನಿಸಿತು. ಆ ದೋಣಿಯಲ್ಲಿ ಹಾಸಿಗೆಯಕ್ಕನ ಗಲ್ಲ ಒಂದಿಷ್ಟು ಇಳಿಯಿತು. ಇನ್ನೊಂದಿಷ್ಟು ಇಳಿಯಿತು. ಎದೆಯ ಮೇಲೆ ನಿಂತಿತು.

ನಾನು ಉಸಿರಾಡಲಿಲ್ಲ. ಅವರ ಬೆರಳುಗಳನ್ನು ನೋಡಿದೆ. ಮಡಿಲಲ್ಲಿ ಅರ್ಧ ತೆರೆದುಕೊಂಡು ಬಿದ್ದಿದ್ದವು, ಏನನ್ನೂ ಸವರುತ್ತಿರಲಿಲ್ಲ. ಕಿರುಬೆರಳೂ ಸುಮ್ಮನಿತ್ತು! ಎದ್ದು ಕೂಗಬೇಕು, ಕುಣಿಯಬೇಕು, ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸಿ, ಏನೂ ಮಾಡಲಾಗದೆ, ನನ್ನ ಚೀಲದ ಪಟ್ಟಿಯನ್ನು ಕಚ್ಚಿಕೊಂಡು ಕುಳಿತೆ.

ಆಗಲೇ ಬಾಗಿಲಲ್ಲಿ ನರ್ಸು. "ಹನ್ನೆರಡನೇ ಬೆಡ್ಡಿನವರು ಯಾರು?"

ಕಾವಲುಗಾರರು ಕದಲಲಿಲ್ಲ. ನಾನು ಬೆಕ್ಕಿನಂತೆ ಎದ್ದು, ನರ್ಸಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ, ಕಿತ್ತಳೆ ಚೀಲದವಳ ಭುಜ ಮುಟ್ಟಿದೆ. ಆಕೆ ದಿಗ್ಗನೆ ಎದ್ದು, ಪಕ್ಕದಲ್ಲಿ ತಾನೇ ಗೊತ್ತುಮಾಡಿದ ಕಾವಲುಗಾರರನ್ನು ನೋಡಿ, ನನ್ನನ್ನು ನೋಡಿ, ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದುಕೊಂಡೇ ಓಡಿದಳು.

ಆಕೆ ಹೋಗಿ, ಡಾಕ್ಟರನ್ನು ಕಂಡು, ವಾಪಸು ಬಂದರೂ ಅಕ್ಕ ನಿದ್ದೆಯಲ್ಲೇ ಇದ್ದರು. ಆಕೆ ಬಂದು ಮಂಚದ ಮೇಲೆ ಕುಳಿತ ಕಿರ್ ಸದ್ದಿಗೆ ಕಣ್ಣು ಬಿಟ್ಟರು. ಕೋಣೆಯನ್ನು, ಪರದೆಯನ್ನು, ನನ್ನನ್ನು ಒಂದೊಂದಾಗಿ ಗುರುತು ಹಿಡಿದರು. ಆಮೇಲೆ ಬೆಚ್ಚಿಬಿದ್ದು, "ಕರೆದ್ರಾ?" ಎಂದರು.

"ಕರೆದೂ ಆಯ್ತು, ನಾನು ಹೋಗಿ ಬಂದೂ ಆಯ್ತು! ಮೂಳೆ ಕೂಡಿಕೊಳ್ತಾ ಇದೆಯಂತೆ. ಭಲೇ ಕಾದ್ರಿ ಅಮ್ಮಾ ನೀವು!"

"ಅಯ್ಯೋ, ನನ್ನ ಮುಖಕ್ಕಿಷ್ಟು!" ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಮಾತು ಕೊಟ್ಟು ನಿದ್ದೆ ಮಾಡಿಬಿಟ್ನಲ್ಲ!" ಬೆರಳುಗಳ ಸಂದಿಯಿಂದ ನನ್ನನ್ನು ನೋಡಿ ಪಿಸುಗುಟ್ಟಿದರು: "ನಿಜವಾಗ್ಲೂ ನಿದ್ದೆನಾ? ಗೊರಕೆ ಹೊಡೆದ್ನಾ?"

"ಸಣ್ಣದಾಗಿ ಅಕ್ಕ. ಯಜಮಾನರ ಮುಂದೆ ಏನೂ ಅಲ್ಲ."

ಅವರು ಬಲಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ನಾವು ಮೂವರೂ ನೋಡಿದೆವು. ಎಚ್ಚರವಾಗುತ್ತಲೇ ಕಿರುಬೆರಳು ಮತ್ತೆ ಅಲ್ಲಾಡುತ್ತಿತ್ತು, ಮೊದಲಿಗಿಂತ ಕಡಿಮೆಯೋ ಅಷ್ಟೇಯೋ ಹೇಳುವುದು ಕಷ್ಟ. "ಒಂದೇ ನಿದ್ದೆಗೆ ಹೋಗೋದಲ್ಲ ಇದು" ಎಂದರು ಅಕ್ಕ. ಆದರೆ ಮುಖದಲ್ಲಿ ಹೇಳಲಾಗದ ಒಂದು ಊದಿದ, ಕೆಂಪಾದ, ಎಳೆಮಗುವಿನ ಕಳೆ ಇತ್ತು. ಗಲ್ಲದ ಮೇಲೆ ಬಟ್ಟೆಯ ಮಡಿಕೆಯ ಅಚ್ಚು ಬಿದ್ದಿತ್ತು.

ಹೊರಗೆ ಬಂದಾಗ ಮೇಡಂ ಮೆಟ್ಟಿಲ ಬಳಿ ಎದುರಾದರು. "ಮಂಚ ಮುಟ್ಟಿಲ್ಲ ತಾನೆ?"

"ಕುರ್ಚಿಯಲ್ಲೇ ಇದ್ರು ಮೇಡಂ, ಪೂರ್ತಿ ಹೊತ್ತು."

"ನೂರಕ್ಕೆ ನೂರು?"

"ನೂರಕ್ಕೆ ನೂರು!"

ಹಿಂದಿನಿಂದ ಕಿತ್ತಳೆ ಚೀಲದವಳು ಬಾಗಿಲಿಗೆ ಬಂದು ಕೂಗಿದಳು: "ಅಮ್ಮಾ, ಇನ್ನೂ ಹದಿನೈದು ದಿನ ನಾವು ಇಲ್ಲೇ! ಮುಂದಿನ ವಾರ ಬನ್ನಿ. ಆದ್ರೆ ಕಾಯೋ ಸರದಿ ನನ್ನದು, ನಿಮ್ಮನ್ನು ನಂಬಲ್ಲ ನಾನು!"

"ಬರ್ತೀನಿ ಕಣೆ!" ಎಂದು ಕೂಗಿ ಹೇಳಿದ ಅಕ್ಕ, ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡರು. ಆಕಳಿಕೆ ಬಂತು, ಅದನ್ನು ಅಡಗಿಸದೆ ಪೂರ್ತಿ ಆಕಳಿಸಿದರು.

"ಮಂಗಳವಾರ ನಿನಗೆ ಕಾಲೇಜು ಎಷ್ಟೊತ್ತಿಗೆ ಬಿಡುತ್ತೆ?"

"ಊಟದ ಹೊತ್ತಿಗೇ ಬಿಡುತ್ತೆ ಅಕ್ಕ."

"ಹಾಗಾದ್ರೆ ಅಂಗಡಿಗೆ ಬರಬೇಡ, ಸುಮ್ನೆ ದಾರಿ ಸುತ್ತಾಗುತ್ತೆ. ನೇರ ಇಲ್ಲಿಗೇ ಬಾ. ನಾನು ಬೇಗ ಬಂದು ಕೂತಿರ್ತೀನಿ. ಮಲಗಿದ್ರೆ ಎಬ್ಬಿಸಬೇಡ, ಪಕ್ಕದಲ್ಲಿ ಕೂತಿರು."